ಮೈಲಿಗೆ 62 ಸೆಂಟೋ, ಬಾಡಿಗೆಯ ಶೇಕಡ 27ರ ಪಾಲೋ? ಅಮೆರಿಕದ ಫ್ಲ್ಯಾಟ್‌ಬೆಡ್ ಚಾಲಕನ ಸಂಬಳದ ಲೆಕ್ಕ

ಅಮೆರಿಕದ ಟ್ರಕ್ ಕಂಪನಿಗಳ ಉದ್ಯೋಗ ಜಾಹೀರಾತುಗಳನ್ನು ಸಾಲಾಗಿ ಇಟ್ಟು ನೋಡಿದರೆ ತಲೆ ತಿರುಗುವುದು ಸಹಜ. ಒಂದು ಕಂಪನಿ ಮೈಲಿಗೆ 62 ಸೆಂಟ್ ಎನ್ನುತ್ತದೆ. ಇನ್ನೊಂದು ಮೈಲಿಯ ಮಾತನ್ನೇ ಎತ್ತದೆ, ಲೋಡಿನ ಬಾಡಿಗೆಯಲ್ಲಿ ಶೇಕಡ 27 ನಿಮ್ಮದು ಎನ್ನುತ್ತದೆ. ಮತ್ತೊಂದು ವಾರಕ್ಕೆ ಇಂತಿಷ್ಟು ಡಾಲರ್ ಖಾತರಿ ಎಂದು ದಪ್ಪಕ್ಷರದಲ್ಲಿ ಬರೆದು, ಕೆಳಗೆ ಚಿಕ್ಕಕ್ಷರದಲ್ಲಿ ಷರತ್ತುಗಳನ್ನು ಪೋಣಿಸುತ್ತದೆ. ಮನೆಗೆ ಆಗಾಗ ಕಳಿಸುತ್ತೇವೆ ಎಂಬ ಭರವಸೆ ಮಾತ್ರ ಎಲ್ಲದರಲ್ಲೂ ಇರುತ್ತದೆ. ಎಷ್ಟು ದಿನಕ್ಕೊಮ್ಮೆ, ಹೋದರೆ ಎಷ್ಟು ಹೊತ್ತು ಎಂಬ ವಿವರ ಮಾತ್ರ ಇರುವುದಿಲ್ಲ.

ಚಾಲಕರು ಸಾಮಾನ್ಯವಾಗಿ ಸಂಬಳವನ್ನು ಒಂದು ಕಡೆ, ಮನೆಯಲ್ಲಿ ಸಿಗುವ ದಿನಗಳನ್ನು ಇನ್ನೊಂದು ಕಡೆ ಬರೆದುಕೊಂಡು ಕಂಪನಿಗಳನ್ನು ಹೋಲಿಸುತ್ತಾರೆ. ಲೆಕ್ಕ ದಾರಿ ತಪ್ಪುವುದು ಅಲ್ಲಿಯೇ. ಕೈಗೆ ಬಂದ ಹಣವನ್ನು ಮನೆಯಿಂದ ಹೊರಗೆ ಕಳೆದ ದಿನಗಳಿಂದ ಭಾಗಿಸುವ ತನಕ ಯಾವ ಕಂಪನಿ ಹೆಚ್ಚು ಕೊಡುತ್ತದೆ ಎಂದು ಹೇಳಲು ಸಾಧ್ಯವೇ ಇಲ್ಲ. ಫ್ಲ್ಯಾಟ್‌ಬೆಡ್, ಅಂದರೆ ತೆರೆದ ಚಪ್ಪಟೆ ಟ್ರೇಲರಿನ ಕೆಲಸದಲ್ಲಿ ಈ ಭಾಗಾಕಾರ ಇನ್ನಷ್ಟು ಮುಖ್ಯ. ಏಕೆಂದರೆ ಇಲ್ಲಿ ಚಕ್ರ ತಿರುಗದ ಹೊತ್ತಿನಲ್ಲೂ ಚಾಲಕ ಬೆವರು ಸುರಿಸುತ್ತಿರುತ್ತಾನೆ.

ತೆರೆದ ಹಲಗೆಯ ಮೇಲಿನ ಕೆಲಸ

ಫ್ಲ್ಯಾಟ್‌ಬೆಡ್ ಎಂದರೆ ಗೋಡೆ, ಚಾವಣಿ ಯಾವುದೂ ಇಲ್ಲದ, 48 ಅಥವಾ 53 ಅಡಿ ಉದ್ದದ ಚಪ್ಪಟೆ ಟ್ರೇಲರ್. ಉಕ್ಕಿನ ಸುರುಳಿ, ತೊಲೆ, ಮರದ ಹಲಗೆ, ಜಿಪ್ಸಂ ಹಾಳೆ, ಕೊಳವೆ, ಯಂತ್ರ, ಹೀಗೆ ಪೆಟ್ಟಿಗೆಯೊಳಗೆ ಹೋಗದ, ಕ್ರೇನಿನಿಂದ ಮೇಲಿಂದ ಇಳಿಸಬೇಕಾದ ಸರಕೆಲ್ಲ ಇದರ ಪಾಲು. ಟ್ರಕ್, ಟ್ರೇಲರ್, ಸರಕು ಸೇರಿ ಒಟ್ಟು ತೂಕ ಅಂತರರಾಜ್ಯ ಹೆದ್ದಾರಿಗಳಲ್ಲಿ 80,000 ಪೌಂಡ್ ಮೀರುವಂತಿಲ್ಲ, ಅಂದರೆ ಸುಮಾರು 36 ಟನ್.

ಮುಚ್ಚಿದ ಟ್ರೇಲರಿನ ಚಾಲಕ ಗೋದಾಮಿನ ಬಾಗಿಲಿಗೆ ಗಾಡಿ ತಾಗಿಸಿ ನಿದ್ದೆ ಹೋಗಬಹುದು. ಫ್ಲ್ಯಾಟ್‌ಬೆಡ್ ಚಾಲಕನಿಗೆ ಆ ಸುಖವಿಲ್ಲ. ಸರಕನ್ನು ಬಿಗಿಯುವ ಹೊಣೆ ಅವನದೇ, ಅದೂ ಫೆಡರಲ್ ನಿಯಮದ ಪ್ರಕಾರ. ಬಳಸುವ ಸರಪಳಿ ಮತ್ತು ಪಟ್ಟಿಗಳ ಒಟ್ಟು ಸುರಕ್ಷಿತ ಹೊರೆಸಾಮರ್ಥ್ಯ ಸರಕಿನ ತೂಕದ ಅರ್ಧಕ್ಕಿಂತ ಕಡಿಮೆ ಇರಬಾರದು. 44,000 ಪೌಂಡಿನ ಉಕ್ಕಿನ ಸುರುಳಿಗೆ 22,000 ಪೌಂಡಿನ ಸಾಮರ್ಥ್ಯ ಬೇಕು. ಒಂದೊಂದೂ 6,600 ಪೌಂಡ್ ತಡೆಯುವ ಸರಪಳಿಯಾದರೆ ಕನಿಷ್ಠ ನಾಲ್ಕು. ಹೊರಟ ಮೇಲೆ ಮೊದಲ 50 ಮೈಲಿಯೊಳಗೆ ಒಮ್ಮೆ ನಿಲ್ಲಿಸಿ ಬಿಗಿ ನೋಡಬೇಕು. ಅನಂತರ ಪ್ರತಿ 150 ಮೈಲಿಗೆ ಅಥವಾ ಮೂರು ಗಂಟೆಗೆ, ಯಾವುದು ಮೊದಲೋ ಆಗ, ಮತ್ತೆ ನೋಡಬೇಕು.

ಇದರ ಮೇಲೆ ಟಾರ್ಪಾಲಿನು. ಮರದ ಲೋಡಿಗೆ ಹೊದಿಸುವ ಒಂದು ಟಾರ್ಪಾಲಿನಿನ ತೂಕ ಅನೇಕ ವೇಳೆ 100 ಪೌಂಡಿನ ಆಸುಪಾಸು ಇರುತ್ತದೆ. ಅದನ್ನು ಹೊತ್ತು, ಸರಕಿನ ಮೇಲೇರಿ, ಬಿಚ್ಚಿ, ಎಳೆದು, ಕೊಕ್ಕೆಗಳಿಗೆ ರಬ್ಬರ್ ಹಗ್ಗ ಸಿಕ್ಕಿಸಿ ಮುಗಿಸುವಷ್ಟರಲ್ಲಿ ಅನುಭವಸ್ಥನಿಗೂ ಮುಕ್ಕಾಲು ಗಂಟೆ ಹಿಡಿಯುತ್ತದೆ, ಗಾಳಿ ಬೀಸಿದರೆ ಅದರ ಎರಡರಷ್ಟು. ಇಳಿಸುವ ಜಾಗದಲ್ಲಿ ಎಲ್ಲವನ್ನೂ ಬಿಚ್ಚಿ ಮಡಚಬೇಕು. ಕೆಲವು ಕಂಪನಿಗಳು ಪ್ರತಿ ಟಾರ್ಪಾಲಿನು ಲೋಡಿಗೆ ಕೆಲವು ಹತ್ತು ಡಾಲರ್‌ಗಳನ್ನು ಬೇರೆಯಾಗಿ ಕೊಡುತ್ತವೆ. ಇನ್ನು ಕೆಲವು ಅದು ಮೈಲಿದರದಲ್ಲೇ ಸೇರಿದೆ ಎನ್ನುತ್ತವೆ.

ಸಮಯದ ಕಾನೂನು ಹೀಗಿದೆ. ದಿನಕ್ಕೆ ಗರಿಷ್ಠ 11 ಗಂಟೆ ಚಾಲನೆ. ಕೆಲಸ ಶುರುವಾದ 14 ಗಂಟೆಗಳೊಳಗೆ ಆ ಚಾಲನೆ ಮುಗಿಯಬೇಕು. ಎಂಟು ದಿನಗಳಲ್ಲಿ ಒಟ್ಟು ಕೆಲಸ 70 ಗಂಟೆ ತಲುಪಿದರೆ ಅಲ್ಲಿಗೆ ಚಾಲನೆ ಬಂದ್. ಸರಪಳಿ ಬಿಗಿಯುವ ಹೊತ್ತು, ಟಾರ್ಪಾಲಿನು ಮಡಚುವ ಹೊತ್ತು, ಎಲ್ಲವೂ ಈ 70ರಲ್ಲೇ ಕಳೆಯುತ್ತದೆ. ವಾರಕ್ಕೆ ಐದು ಲೋಡು, ಪ್ರತಿ ಲೋಡಿಗೆ ಎರಡೂ ತುದಿ ಸೇರಿ ಮೂರು ಗಂಟೆ ಎಂದುಕೊಂಡರೆ 15 ಗಂಟೆ ಹೋಯಿತು. ಮೈಲಿಗೆ ಸಂಬಳ ಪಡೆಯುವವನಿಗೆ ಆ 15 ಗಂಟೆಗಳ ಬೆಲೆ ಸೊನ್ನೆ ಅಥವಾ ಟಾರ್ಪಾಲಿನಿನ ಚಿಲ್ಲರೆ.

ಹೆಚ್ಚುವರಿ ಅವಧಿಗೆ ಒಂದೂವರೆ ಪಟ್ಟು ಕೂಲಿ ಇಲ್ಲವೇ ಎಂದು ಕೇಳಬಹುದು. ಇಲ್ಲ. 1938ರ ಫೆಡರಲ್ ಕಾರ್ಮಿಕ ಕಾಯ್ದೆಯೇ ಅಂತರರಾಜ್ಯ ಟ್ರಕ್ ಚಾಲಕರನ್ನು ಆ ಹಕ್ಕಿನಿಂದ ಹೊರಗಿಟ್ಟಿದೆ. ಎಂಬತ್ತೇಳು ವರ್ಷಕ್ಕೂ ಮೀರಿದ ಈ ವಿನಾಯಿತಿಯೇ ಮೈಲಿ ಲೆಕ್ಕದ ಸಂಬಳ ಇಂದಿಗೂ ಬದುಕಿರಲು ದೊಡ್ಡ ಕಾರಣ ಎಂಬುದು ನನ್ನ ಅಭಿಪ್ರಾಯ. ಕಾಯಿಸುವ ಪ್ರತಿ ಗಂಟೆಗೂ ಕಂಪನಿ ದುಡ್ಡು ಕಟ್ಟಬೇಕಾಗಿದ್ದರೆ ಗೋದಾಮುಗಳ ಮುಂದಿನ ಸಾಲುಗಳು ಎಂದೋ ಕರಗುತ್ತಿದ್ದವು. ಅಮೆರಿಕದ ಸಾರಿಗೆ ಇಲಾಖೆಯ ಮಹಾನಿರೀಕ್ಷಕರ ಕಚೇರಿ 2018ರಲ್ಲಿ ಹಾಕಿದ ಅಂದಾಜಿನಂತೆ, ಲೋಡಿಂಗ್ ಜಾಗಗಳಲ್ಲಿ ಕಾಯುವುದರಿಂದ ಬಾಡಿಗೆ ಟ್ರಕ್‌ಗಳ ಚಾಲಕರು ವರ್ಷಕ್ಕೆ 110ರಿಂದ 130 ಕೋಟಿ ಡಾಲರ್ ಕಳೆದುಕೊಳ್ಳುತ್ತಾರೆ. ಈ ಒಂದು ವಿಷಯದಲ್ಲಿ ಫ್ಲ್ಯಾಟ್‌ಬೆಡ್‌ಗೆ ಕೊಂಚ ಅನುಕೂಲವಿದೆ. ಕ್ರೇನ್ ಬಂದು ಐದಾರು ಬಾರಿ ಎತ್ತಿಟ್ಟರೆ ಲೋಡು ಮುಗಿಯುತ್ತದೆ, ದಿನಸಿ ಗೋದಾಮಿನಂತೆ ಅರ್ಧ ದಿನ ಕೂರಿಸುವುದು ಅಪರೂಪ.

ಯಾವ ಮೈಲಿ?

ಮೈಲಿಗೆ 62 ಸೆಂಟ್ ಎಂದಾಗ ಕೇಳಬೇಕಾದ ಮೊದಲ ಪ್ರಶ್ನೆ, ಯಾರು ಅಳೆದ ಮೈಲಿ ಎಂಬುದು. ಹಳೆಯ ಪದ್ಧತಿಯಲ್ಲಿ ಮನೆಸಾಮಾನು ಸಾಗಣೆದಾರರ ದೂರ ಪಟ್ಟಿಯನ್ನು ಬಳಸುತ್ತಾರೆ. ಅದು ಒಂದು ಊರಿನ ಗೊತ್ತಾದ ಬಿಂದುವಿನಿಂದ ಇನ್ನೊಂದು ಊರಿನ ಬಿಂದುವಿಗೆ ಇರುವ ಕಡಿಮೆ ದೂರ. ಟ್ರಕ್ಕಿಗೆ ನಿಷೇಧವಿರುವ ರಸ್ತೆ, ಊರ ಹೊರಗಿನ ಕಾರ್ಖಾನೆ, ಬೈಪಾಸಿನ ಸುತ್ತು, ಇದಾವುದೂ ಅದರ ಲೆಕ್ಕಕ್ಕಿಲ್ಲ. ಎರಡನೆಯದು ಪ್ರಾಯೋಗಿಕ ಮೈಲಿ, ಅಂದರೆ ಟ್ರಕ್ ನಿಜವಾಗಿ ಹಿಡಿಯಬೇಕಾದ ದಾರಿಯ ದೂರ. ಮೂರನೆಯದು ಗಾಡಿಯ ಮೀಟರ್ ತೋರಿಸಿದ ಮೈಲಿ, ಇದನ್ನು ಕೊಡುವವರು ವಿರಳ. ಮೊದಲ ಎರಡರ ನಡುವೆ ಶೇಕಡ 5ರ ಅಂತರವಿದೆ ಎಂದುಕೊಂಡರೂ 62 ಸೆಂಟ್ ನಿಜದಲ್ಲಿ 58.9 ಸೆಂಟ್ ಆಗಿಬಿಡುತ್ತದೆ. ಪ್ರಾಯೋಗಿಕ ಮೈಲಿಗೆ 59 ಸೆಂಟ್ ಕೊಡುವ ಕಂಪನಿಯ ಜಾಹೀರಾತು ಪಕ್ಕದಲ್ಲಿ ಸೊರಗಿದಂತೆ ಕಂಡರೂ ಕೊಡುವುದು ಅಷ್ಟನ್ನೇ, ಕೂದಲೆಳೆಯಷ್ಟು ಹೆಚ್ಚೇ.

ಶೇಕಡಾವಾರು ಪಾವತಿಯ ಸ್ವಭಾವ ಪೂರ್ತಿ ಬೇರೆ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. 600 ಮೈಲಿಯ ಲೋಡಿಗೆ ಮೈಲಿಗೆ 3 ಡಾಲರ್ ಬಾಡಿಗೆ ಸಿಕ್ಕಿದರೆ ಒಟ್ಟು 1,800, ಅದರ ಶೇಕಡ 27 ಎಂದರೆ 486 ಡಾಲರ್. ಮೈಲಿಗೆ 81 ಸೆಂಟ್ ಬಿದ್ದಂತಾಯಿತು. ಮಾರುಕಟ್ಟೆ ಕುಸಿದು ಬಾಡಿಗೆ 2.20ಕ್ಕೆ ಇಳಿದರೆ ಅದೇ ದಾರಿ, ಅದೇ ಟಾರ್ಪಾಲಿನು, ಕೈಗೆ ಬರುವುದು 356, ಮೈಲಿಗೆ 59 ಸೆಂಟ್. ಗಿಡ್ಡ ಲೋಡಿನ ಕತೆ ಇನ್ನೂ ಸ್ವಾರಸ್ಯ. 150 ಮೈಲಿಯ ಲೋಡಿಗೆ 700 ಡಾಲರ್ ಬಾಡಿಗೆ ಇದ್ದರೆ ಶೇಕಡಾವಾರು ಚಾಲಕನಿಗೆ 189 ಡಾಲರ್, 62 ಸೆಂಟಿನ ಚಾಲಕನಿಗೆ 93. ಬಿಗಿಯುವ, ಬಿಚ್ಚುವ ಕೆಲಸ ಇಬ್ಬರಿಗೂ ಒಂದೇ. ಗಿಡ್ಡ ಲೋಡು ಹೆಚ್ಚಿರುವ ಕಂಪನಿಯಲ್ಲಿ ಮೈಲಿ ಸಂಬಳಕ್ಕೆ ಸೇರುವುದು ಬೆನ್ನು ಮತ್ತು ಜೇಬು ಎರಡಕ್ಕೂ ನಷ್ಟ.

ಆದರೆ ಶೇಕಡ 27 ಯಾವುದರ ಶೇಕಡ ಎಂಬುದನ್ನು ಬಿಡಿಸಿ ಕೇಳಬೇಕು. ಡೀಸೆಲ್ ದರಕ್ಕೆ ತಕ್ಕಂತೆ ವಿಧಿಸುವ ಇಂಧನ ಅಧಿಭಾರ ಸೇರಿಸಿದ ಬಾಡಿಗೆಯೋ, ಸೇರಿಸದ್ದೋ? ದಲ್ಲಾಳಿ ವಿಭಾಗದ ಪಾಲು ಮುರಿದುಕೊಂಡ ಮೇಲಿನದೋ? ಖಾಲಿ ಟ್ರೇಲರ್ ಎಳೆದುಕೊಂಡು ಮುಂದಿನ ಲೋಡಿಗೆ ಹೋಗುವ ಮೈಲಿಗಳಿಗೆ ಏನು? ಮೈಲಿ ಸಂಬಳದಲ್ಲಿ ಖಾಲಿ ಮೈಲಿಗೂ ದುಡ್ಡು ಸಿಗುವುದು ರೂಢಿ, ಶೇಕಡಾವಾರಿನಲ್ಲಿ ಹಲವು ಕಡೆ ಇಲ್ಲ. ಸ್ವಂತ ಟ್ರಕ್ಕನ್ನು ಕಂಪನಿಗೆ ಒಪ್ಪಂದದ ಮೇಲೆ ಕೊಟ್ಟು ಶೇಕಡಾವಾರು ಪಡೆಯುವವನಿಗೆ ಬಾಡಿಗೆಯ ಬಿಲ್ಲಿನ ಪ್ರತಿ ತೋರಿಸಬೇಕು ಎಂದು ಫೆಡರಲ್ ನಿಯಮವಿದೆ. ಕಂಪನಿಯ ನೌಕರನಾಗಿರುವ ಚಾಲಕನಿಗೆ ಆ ರಕ್ಷಣೆ ಇಲ್ಲ. ಅವನು ಕಂಪನಿ ಹೇಳಿದ ಬಾಡಿಗೆಯನ್ನು ನಂಬಬೇಕು.

ಇನ್ನು ದಿನಭತ್ಯೆ. ನಮ್ಮಲ್ಲಿ ಲಾರಿ ಚಾಲಕನಿಗೆ ಸಂಬಳದ ಮೇಲೆ ಬಾಟಾ ಕೊಡುವಂತೆ ಅಲ್ಲಿಯೂ ಊಟ ಉಪಚಾರದ ಭತ್ಯೆಯಿದೆ. ವ್ಯತ್ಯಾಸವೆಂದರೆ, ಅಲ್ಲಿ ಎಷ್ಟೋ ಕಂಪನಿಗಳು ಅದನ್ನು ಸಂಬಳದ ಮೇಲೆ ಕೊಡುವುದಿಲ್ಲ, ಸಂಬಳದೊಳಗಿನಿಂದಲೇ ಕತ್ತರಿಸಿ ಕೊಡುತ್ತವೆ. ಮೈಲಿಗೆ 60 ಸೆಂಟಿನಲ್ಲಿ 12 ಸೆಂಟನ್ನು ಭತ್ಯೆ ಎಂದು ಕರೆದರೆ ಆ 12 ಸೆಂಟಿಗೆ ತೆರಿಗೆಯಿಲ್ಲ. 2024ರ ಅಕ್ಟೋಬರ್‌ನಿಂದ ಸಾರಿಗೆ ಕೆಲಸಗಾರರಿಗೆ ದೇಶದೊಳಗೆ ದಿನಕ್ಕೆ 80 ಡಾಲರ್ ತನಕ ಹೀಗೆ ಕೊಡಲು ತೆರಿಗೆ ಇಲಾಖೆ ಒಪ್ಪುತ್ತದೆ. ವಾರದ ಚೆಕ್ಕು ಉಬ್ಬಿ ಕಾಣುತ್ತದೆ. ದಾಖಲೆಯಲ್ಲಿ ಮಾತ್ರ ಸಂಬಳ ಕುಗ್ಗಿರುತ್ತದೆ. ಗಾಯಗೊಂಡು ಮನೆಯಲ್ಲಿ ಕೂತಾಗಿನ ಪರಿಹಾರ, ನಿರುದ್ಯೋಗ ಭತ್ಯೆ, ಮುಂದಿನ ಸಾಮಾಜಿಕ ಭದ್ರತೆಯ ಪಿಂಚಣಿ, ಮನೆ ಸಾಲದ ಅರ್ಹತೆ, ಇವೆಲ್ಲ ಆ ಕುಗ್ಗಿದ ಸಂಬಳವನ್ನೇ ನೋಡುತ್ತವೆ. ಟ್ರೇಲರ್ ಮೇಲಿಂದ ಬೀಳುವ ಅಪಾಯ ದಿನನಿತ್ಯದ್ದಾಗಿರುವ ಕೆಲಸದಲ್ಲಿ ಇದು ಸಣ್ಣ ಮಾತಲ್ಲ.

ಶನಿವಾರ ಎಷ್ಟು ಗಂಟೆಗೆ?

ಫ್ಲ್ಯಾಟ್‌ಬೆಡ್ ಕಂಪನಿಗಳು ವಾರಾಂತ್ಯಕ್ಕೆ ಮನೆಗೆ ಕಳಿಸುತ್ತೇವೆ ಎನ್ನುವುದರಲ್ಲಿ ಔದಾರ್ಯಕ್ಕಿಂತ ಸರಕಿನ ಗುಣ ಹೆಚ್ಚಿದೆ. ಸೂಪರ್ ಮಾರ್ಕೆಟ್ಟಿನ ಗೋದಾಮು ಭಾನುವಾರವೂ ತೆರೆದಿರುತ್ತದೆ. ಆದರೆ ಕಟ್ಟಡ ನಿರ್ಮಾಣದ ಜಾಗ, ಮರದ ಅಂಗಡಿ, ಉಕ್ಕು ಕತ್ತರಿಸುವ ಕೇಂದ್ರ ಶುಕ್ರವಾರ ಮಧ್ಯಾಹ್ನಕ್ಕೆ ಬಾಗಿಲೆಳೆದರೆ ತೆರೆಯುವುದು ಸೋಮವಾರ ಬೆಳಿಗ್ಗೆ. ಇಳಿಸಿಕೊಳ್ಳುವವರೇ ಇಲ್ಲದಿರುವಾಗ ಚಾಲಕನನ್ನು ರಸ್ತೆಯಲ್ಲಿ ಇಟ್ಟು ಕಂಪನಿಗೂ ಲಾಭವಿಲ್ಲ. ಹಾಗಾಗಿ ಸೋಮವಾರ ಇಳಿಸಬೇಕಾದ ಲೋಡನ್ನು ಶುಕ್ರವಾರವೇ ಹೇರಿಕೊಂಡು, ಮನೆಯ ಹತ್ತಿರ ನಿಲ್ಲಿಸಿ, ಎರಡು ದಿನ ಮನೆಯಲ್ಲಿದ್ದು ಹೊರಡುವುದು ಈ ವೃತ್ತಿಯ ಸಹಜ ಲಯ.

ಕಾನೂನು ಇಲ್ಲಿ ಒಂದು ಸಂಖ್ಯೆಯನ್ನು ಒದಗಿಸುತ್ತದೆ. ಸತತ 34 ಗಂಟೆ ಬಿಡುವು ತೆಗೆದುಕೊಂಡರೆ ವಾರದ 70 ಗಂಟೆಯ ಲೆಕ್ಕ ಮತ್ತೆ ಸೊನ್ನೆಯಿಂದ ಶುರು. ಶನಿವಾರ ಬೆಳಿಗ್ಗೆ ಎಂಟಕ್ಕೆ ಟ್ರಕ್ ನಿಲ್ಲಿಸಿದವನ 34 ಗಂಟೆ ಭಾನುವಾರ ಸಂಜೆ ಆರಕ್ಕೆ ಮುಗಿಯುತ್ತದೆ. ಆಗಲೇ ಹೊರಡು ಎಂದು ಲೋಡುಗಳನ್ನು ಹಂಚುವ ಡಿಸ್ಪ್ಯಾಚರ್ ಹೇಳಿದರೆ ಅದೂ ‘ವಾರಾಂತ್ಯಕ್ಕೆ ಮನೆ’ಯೇ. ಶುಕ್ರವಾರ ಸಂಜೆಗೆ ಬಂದು ಸೋಮವಾರ ಬೆಳಿಗ್ಗೆ ಹೋಗುವುದೂ ‘ವಾರಾಂತ್ಯಕ್ಕೆ ಮನೆ’. ಜಾಹೀರಾತಿನಲ್ಲಿ ಇವೆರಡಕ್ಕೂ ಒಂದೇ ಸಾಲು. ದೂರಪ್ರಯಾಣದ ಕಂಪನಿಗಳಲ್ಲಿ ರೂಢಿ ಇನ್ನೊಂದು: ಹೊರಗಿದ್ದ ಪ್ರತಿ ವಾರಕ್ಕೆ ಒಂದು ದಿನ ಮನೆ. ಮೂರು ವಾರ ದುಡಿದರೆ ಮೂರು ದಿನ.

ಈಗ ಭಾಗಾಕಾರ ಮಾಡೋಣ. ಇವೂ ನಾನು ಲೆಕ್ಕಕ್ಕೆ ಇಟ್ಟುಕೊಂಡ ಅಂಕಿಗಳೇ. ದೂರಪ್ರಯಾಣದ ಒಂದು ಕಂಪನಿ ಮೈಲಿಗೆ 62 ಸೆಂಟ್ ಕೊಡುತ್ತದೆ, ವಾರಕ್ಕೆ ಸಂಬಳದ ಲೆಕ್ಕಕ್ಕೆ ಬರುವ 2,300 ಮೈಲಿ, ಜೊತೆಗೆ ಟಾರ್ಪಾಲಿನಿಗೆ 100 ಡಾಲರ್. ವಾರಕ್ಕೆ 1,526. ಮೂರು ವಾರಕ್ಕೆ 4,578. ಮೂರು ದಿನ ಮನೆಯಲ್ಲಿ, ಆಗ ಆದಾಯವಿಲ್ಲ. ಈ 24 ದಿನಗಳ ಚಕ್ರ ವರ್ಷಕ್ಕೆ ಹದಿನೈದು ಬಾರಿ ಮತ್ತು ಸ್ವಲ್ಪ ತಿರುಗುತ್ತದೆ: ಆದಾಯ ಸುಮಾರು 69,600 ಡಾಲರ್, ಮನೆಯಿಂದ ಹೊರಗೆ ಸುಮಾರು 319 ದಿನ. ಇನ್ನೊಂದು ಪ್ರಾದೇಶಿಕ ಕಂಪನಿ. ವಾರಕ್ಕೆ 4,800 ಡಾಲರ್ ಬಾಡಿಗೆ ಎಳೆದು ಶೇಕಡ 27ರಂತೆ 1,296 ಪಡೆಯುವ ಚಾಲಕ, ಸೋಮವಾರ ಬೆಳಿಗ್ಗೆಯಿಂದ ಶುಕ್ರವಾರ ಸಂಜೆ ತನಕ ಹೊರಗೆ. ವರ್ಷಕ್ಕೆ ಸುಮಾರು 67,400 ಡಾಲರ್, ಹೊರಗೆ 260 ದಿನ.

ವರ್ಷದ ಮೊತ್ತ ನೋಡಿದರೆ ಮೊದಲನೆಯದು 2,200 ಡಾಲರ್ ಮುಂದೆ. ಆದರೆ ಆ 2,200ಕ್ಕಾಗಿ 59 ದಿನ ಹೆಚ್ಚು ಹೊರಗಿರಬೇಕು. ಹೆಚ್ಚುವರಿ ದಿನವೊಂದಕ್ಕೆ 38 ಡಾಲರ್‌ನಂತೆ ಚಾಲಕ ತನ್ನನ್ನು ಬಾಡಿಗೆಗೆ ಕೊಟ್ಟಂತಾಯಿತು. ಕೇಳಿದರೆ ಯಾರೂ ಒಪ್ಪದ ದರ ಇದು, ಕೇಳದೆ ಇರುವುದರಿಂದ ನಡೆದುಹೋಗುತ್ತದೆ.

ಇದೇ ಲೆಕ್ಕದಲ್ಲಿ ಒಂದೇ ಒಂದು ಬದಲಾವಣೆ ಮಾಡಿ. ಎರಡನೆಯ ಕಂಪನಿಯ ಚಾಲಕ ಶನಿವಾರ ಬೆಳಿಗ್ಗೆ ತಲುಪಿ ಭಾನುವಾರ ಸಂಜೆ ಹೊರಡುವವನು ಎಂದುಕೊಳ್ಳಿ. ವಾರಕ್ಕೆ ಆರು ದಿನ ಹೊರಗೆ, ವರ್ಷಕ್ಕೆ 312. ಈಗ ಎರಡು ಕಂಪನಿಗಳ ನಡುವೆ ದಿನಗಳ ವ್ಯತ್ಯಾಸ ಬರೀ ಏಳು, ಹಣದ ವ್ಯತ್ಯಾಸ ಅದೇ 2,200. ತಕ್ಕಡಿ ಪೂರ್ತಿ ಮೊದಲನೆಯ ಕಡೆಗೆ ವಾಲಿತು. ಮೈಲಿದರ ಬದಲಾಗಲಿಲ್ಲ, ಶೇಕಡ ಬದಲಾಗಲಿಲ್ಲ. ಬದಲಾದದ್ದು ವಾರಾಂತ್ಯದಲ್ಲಿ ಟ್ರಕ್ ನಿಲ್ಲುವ ಮತ್ತು ಹೊರಡುವ ಗಂಟೆ ಮಾತ್ರ. ಸಂದರ್ಶನದಲ್ಲಿ ಚಾಲಕರು ಸೆಂಟಿನ ಬಗ್ಗೆ ಹತ್ತು ಪ್ರಶ್ನೆ ಕೇಳುತ್ತಾರೆ, ಈ ಗಂಟೆಯ ಬಗ್ಗೆ ಕೇಳುವುದು ಕಡಿಮೆ.

ಹೋಲಿಕೆಗೆ ಒಂದು ಅಳತೆಗೋಲು ಬೇಕಿದ್ದರೆ, ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇನಲ್ಲಿ ಎಲ್ಲ ಬಗೆಯ ಭಾರಿ ಟ್ರಕ್ ಚಾಲಕರ ಮಧ್ಯಮ ವಾರ್ಷಿಕ ಸಂಬಳ 57,440 ಡಾಲರ್.

ಮನೆ ಎಲ್ಲಿದೆ ಎಂಬುದೂ ಸಂಬಳವೇ

ಒಂದೇ ಕಂಪನಿಯ ಇಬ್ಬರು ಚಾಲಕರಲ್ಲಿ ಒಬ್ಬ ಪ್ರತಿ ಶುಕ್ರವಾರ ಮನೆ ಸೇರುತ್ತಾನೆ, ಇನ್ನೊಬ್ಬ ಎರಡು ವಾರಕ್ಕೊಮ್ಮೆ. ಮೊದಲನೆಯವನು ಇಂಡಿಯಾನಾದಲ್ಲಿ, ಗ್ಯಾರಿ ಮತ್ತು ಬರ್ನ್ಸ್ ಹಾರ್ಬರಿನ ಉಕ್ಕಿನ ಕಾರ್ಖಾನೆಗಳ ಸೀಮೆಯಲ್ಲಿದ್ದಾನೆ. ಎರಡನೆಯವನು ಮೊಂಟಾನಾದಲ್ಲಿ. ಸರಕು ಹುಟ್ಟುವ ಕಡೆ ಅಥವಾ ಸರಕು ಹಾಯುವ ದಾರಿಯಲ್ಲಿ ಮನೆಯಿದ್ದವನಿಗೆ ಮನೆಗೆ ಹೋಗುವ ಲೋಡು ತಾನಾಗಿ ಸಿಗುತ್ತದೆ. ಫ್ಲಾರಿಡಾದ ದಕ್ಷಿಣ ತುದಿಯ ಪಾಡು ವಿಚಿತ್ರ. ಅಲ್ಲಿಗೆ ಒಳಗೆ ಹೋಗುವ ಸರಕು ಧಾರಾಳ, ಹೊರಗೆ ಬರುವುದು ಕಡಿಮೆ. ಮನೆಗೆ ಹೋಗಲು ಲೋಡು ಸಿಕ್ಕೀತು, ಮನೆಯಿಂದ ಹೊರಡಲು ಕಡಿಮೆ ಬಾಡಿಗೆಯ ಲೋಡನ್ನೋ ಖಾಲಿ ಮೈಲಿಗಳನ್ನೋ ಒಪ್ಪಿಕೊಳ್ಳಬೇಕು. ಶೇಕಡಾವಾರು ಚಾಲಕನಿಗೆ ಅದರ ಪೆಟ್ಟು ನೇರ ತಾಗುತ್ತದೆ.

ಹೆಸರಾಂತ ಕಂಪನಿಗಳನ್ನು ನೋಡುವಾಗಲೂ ಇದನ್ನೇ ಮೊದಲು ನೋಡಬೇಕು. ಅಯೋವಾದ ಡಿ ಮಾಯ್ನ್‌ನಲ್ಲಿರುವ, 2013ರಲ್ಲಿ ಉದ್ಯೋಗಿಗಳ ಒಡೆತನಕ್ಕೆ ಬಂದ ಟಿಎಂಸಿ ಶೇಕಡಾವಾರು ಪಾವತಿಗೆ ಮತ್ತು ವಾರಾಂತ್ಯದ ಬಿಡುವಿಗೆ ಹೆಸರು ಮಾಡಿದೆ. ಅರ್ಕಾನ್ಸಾದ ನಾರ್ತ್ ಲಿಟಲ್ ರಾಕ್‌ನಲ್ಲಿರುವ, 1980ರಲ್ಲಿ ಶುರುವಾದ ಮ್ಯಾವೆರಿಕ್ ಉಕ್ಕು, ಕಟ್ಟಡ ಸಾಮಗ್ರಿಯ ಜೊತೆ ಗಾಜಿನ ಸಾಗಣೆಗೇ ಪ್ರತ್ಯೇಕ ವಿಭಾಗ ಇಟ್ಟಿದೆ. ಓಕ್ಲಹೋಮಾದ ಟಲ್ಸಾದ ಮೆಲ್ಟನ್ ಮುಖ್ಯವಾಗಿ ದೂರಪ್ರಯಾಣದ ಕಂಪನಿ, ಮನೆಗೆ ಹೋಗುವ ಅವಧಿಯೂ ಅದಕ್ಕೆ ತಕ್ಕಂತೆ ಉದ್ದ. ವಿಸ್ಕಾನ್ಸಿನ್‌ನ ರೋಲ್ ಏಳು ದಿನ ಕೆಲಸ, ಏಳು ದಿನ ಮನೆ ಎಂಬಂಥ ಪಾಳಿಗಳನ್ನು ಬಹಳ ವರ್ಷಗಳಿಂದ ನಡೆಸುತ್ತಿದೆ. ಇಂಥ ಪಾಳಿಗಳಲ್ಲಿ ಟ್ರಕ್ಕನ್ನು ಸಾಮಾನ್ಯವಾಗಿ ಇನ್ನೊಬ್ಬನೊಡನೆ ಹಂಚಿಕೊಳ್ಳಬೇಕಾಗುತ್ತದೆ. ಸೆಂಟುಗಳ ಮೊತ್ತ ಮೂರು ತಿಂಗಳಿಗೊಮ್ಮೆ ಬದಲಾಗುವುದರಿಂದ ಇಲ್ಲಿ ಬರೆದು ಪ್ರಯೋಜನವಿಲ್ಲ. ಕಂಪನಿ ಯಾವ ಸರಕನ್ನು, ಯಾವ ಸೀಮೆಯಲ್ಲಿ ಸಾಗಿಸುತ್ತದೆ ಎಂಬುದು ಅಷ್ಟು ಬೇಗ ಬದಲಾಗುವುದಿಲ್ಲ.

ನೇಮಕಾತಿಯವರು ಹೇಳಿದ್ದನ್ನೆಲ್ಲ ಎಷ್ಟು ನಂಬಬೇಕು ಎಂಬುದಕ್ಕೆ ಒಂದು ಸೂಚನೆ: ಕೋವಿಡ್‌ಗೆ ಮುಂಚಿನ ವರ್ಷಗಳಲ್ಲಿ ದೊಡ್ಡ ಟ್ರಕ್‌ಲೋಡ್ ಕಂಪನಿಗಳಲ್ಲಿ, ಅಂದರೆ ಇಡೀ ಟ್ರಕ್ಕಿಗೆ ಒಬ್ಬರದೇ ಸರಕು ಹೇರಿ ಸಾಗಿಸುವ ಕಂಪನಿಗಳಲ್ಲಿ, ಚಾಲಕರ ವಾರ್ಷಿಕ ಬದಲಾವಣೆಯ ಪ್ರಮಾಣ ಶೇಕಡ 90ರ ಆಸುಪಾಸಿನಲ್ಲಿತ್ತು. ಎಲ್ಲರೂ ವೃತ್ತಿ ಬಿಟ್ಟವರಲ್ಲ, ಹೆಚ್ಚಿನವರು ಎದುರು ಕಂಪನಿಗೆ ಹೋದವರು. ಖಾತರಿ ಸಂಬಳದ ಷರತ್ತುಗಳನ್ನೂ ಇದೇ ಕಣ್ಣಿನಿಂದ ಓದಬೇಕು. ಹಲವು ಕಡೆ ವಾರದ ಏಳೂ ದಿನ ಲಭ್ಯವಿದ್ದರೆ ಮಾತ್ರ ಖಾತರಿ. ಮನೆಗೆ ಹೋದ ವಾರ ಅದು ಅನ್ವಯಿಸದಿದ್ದರೆ, ಬಿಡುವು ಅತಿ ಬೇಕಾದ ವಾರದಲ್ಲೇ ಕೈ ಖಾಲಿ.

ಟ್ರಕ್ಕನ್ನು ಕಂಪನಿಯಿಂದಲೇ ಕಂತಿನಲ್ಲಿ ಕೊಂಡು ಅದೇ ಕಂಪನಿಗೆ ಓಡಿಸುವ ಯೋಜನೆಗಳಲ್ಲಿ ಬಾಡಿಗೆಯ ಶೇಕಡ 65, 70 ಎಂಬ ಅಂಕಿ ನೋಡಿ ಮರುಳಾಗುವವರಿಗೆ ಒಂದು ಮಾತು. ಆ ಹಣದಲ್ಲಿ ಡೀಸೆಲ್, ಕಂತು, ವಿಮೆ, ಟೈರು, ದುರಸ್ತಿ ಎಲ್ಲ ಹೋಗಬೇಕು. ಮನೆಯಲ್ಲಿದ್ದ ವಾರವೂ ಕಂತು ನಿಲ್ಲುವುದಿಲ್ಲ, ಹಾಗಾಗಿ ಮನೆಗೆ ಹೋಗುವ ಸ್ವಾತಂತ್ರ್ಯ ಕಾಗದದಲ್ಲೇ ಉಳಿಯುತ್ತದೆ. ಇಂಥ ಯೋಜನೆಗಳನ್ನು ಪರಿಶೀಲಿಸಲು ಫೆಡರಲ್ ಸಾರಿಗೆ ಸುರಕ್ಷತಾ ಆಡಳಿತ ನೇಮಿಸಿದ್ದ ಕಾರ್ಯಪಡೆ 2025ರ ಜನವರಿಯಲ್ಲಿ ಇವನ್ನು ನಿಷೇಧಿಸಬೇಕೆಂದೇ ಶಿಫಾರಸು ಮಾಡಿತು.

ಇಲ್ಲಿಂದ ಅಲ್ಲಿಗೆ ಚಾಲಕರಾಗಿ ಹೋಗುವ ಆಸೆಯಿರುವ ಕನ್ನಡಿಗರಿಗೆ ಒಂದು ಎಚ್ಚರಿಕೆ: ವಾಣಿಜ್ಯ ಟ್ರಕ್ ಚಾಲಕರಿಗೆ ಉದ್ಯೋಗ ವೀಸಾ ನೀಡುವುದನ್ನು ಅಮೆರಿಕ 2025ರ ಆಗಸ್ಟ್‌ನಲ್ಲಿ ತಡೆಹಿಡಿಯಿತು. ವೀಸಾ ಕೊಡಿಸುತ್ತೇವೆಂದು ಮುಂಗಡ ಕೇಳುವ ಮಧ್ಯವರ್ತಿಗಳ ಬಳಿ ಈ ಸಂಗತಿಯನ್ನು ಮೊದಲು ಎತ್ತಿ.

ಅಲ್ಲಿಯೇ ಇದ್ದು ಕಂಪನಿ ಬದಲಿಸುವವರು ಕೇಳಬೇಕಾದ ಕಾಗದ ಒಂದೇ. ತನ್ನದೇ ಸೀಮೆಯಲ್ಲಿ ಮನೆಯಿರುವ, ಆ ಕಂಪನಿಯಲ್ಲಿ ಒಂದು ವರ್ಷ ಕಳೆದಿರುವ ಚಾಲಕನೊಬ್ಬನ ವೇತನ ಚೀಟಿಗಳು. ಅವನ ಹೆಸರು ಬೇಡ, ಅಂಕಿಗಳು ಸಾಕು. ಹಾಗೆ ಕೇಳುವಾಗ ಮೇ, ಜೂನ್ ತಿಂಗಳ ಚೀಟಿಗಳಿಗೆ ಮರುಳಾಗಬಾರದು. ಕಟ್ಟಡ ಕೆಲಸ ಬಿರುಸಾಗಿರುವ ಆ ದಿನಗಳಲ್ಲಿ ಎಲ್ಲ ಫ್ಲ್ಯಾಟ್‌ಬೆಡ್ ಕಂಪನಿಗಳೂ ಚೆನ್ನಾಗಿಯೇ ಕೊಡುತ್ತವೆ. ಜನವರಿ ಮತ್ತು ಫೆಬ್ರುವರಿಯ ಚೀಟಿ ಕೇಳಬೇಕು. ಉತ್ತರದ ರಾಜ್ಯಗಳಲ್ಲಿ ನೆಲ ಹೆಪ್ಪುಗಟ್ಟಿ ನಿರ್ಮಾಣ ನಿಂತಾಗ, ಹಿಮ ಮೆತ್ತಿದ ಟಾರ್ಪಾಲಿನು ಮಡಚಲು ಎರಡರಷ್ಟು ಹೊತ್ತು ಹಿಡಿಯುವಾಗ, ಆ ಚಾಲಕ ಎಷ್ಟು ದುಡಿದ, ಎಷ್ಟು ದಿನ ಮನೆಯಲ್ಲಿದ್ದ ಎಂಬುದು ಅದರಲ್ಲಿರುತ್ತದೆ.